ಕಂಪನಿಗಳು ರಾಜಿಯಾದ ಮೇಲೆ

ಬಸ್ಸಿಗೆ ಕಾಯುವ ಸಾಲಿನಲ್ಲಿ ಕಿವಿಗೆ ಬಿದ್ದ ಮಾತನ್ನು ಬರೆಯುವುದು ತಪ್ಪೇನೋ, ಕ್ಷಮಿಸಿ. ನನ್ನ ಮುಂದೆ ಒಬ್ಬಾತ ಮತ್ತು ಅವನ ಹೆಂಡತಿಯ ತಮ್ಮ ನಿಂತಿದ್ದರು.

"ಭಾವ, ನಮ್ಮ ಸಾಫ್ಟ್‌ವೇರ್ ಇನ್ಮೇಲೆ ನಿಮ್ಮ ಚಿಪ್ ಮೇಲೇ ಓಡತ್ತಂತೆ. ಎರಡೂ ಕಂಪನಿಯ ದೊಡ್ಡೋರು ಕೈ ಕುಲುಕಿದ್ರು."

"ಫೋಟೋ ನೋಡ್ದೆ. ಬಾಯ್ತುಂಬ ಹಲ್ಲು."

"ಕಂಪನಿಗಳ ಜಗಳ ಇದ್ದಾಗ ನಿಮ್ಮ ಕಂಪನಿಯೋರ ಮನೆಗೆ ಹೋದ್ರೆ ಆಫೀಸಿಗೆ ಹೇಳ್ಬೇಕಿತ್ತು. ಹೆದರಿ ಬರ್ಲಿಲ್ಲ."

"ನಿಮ್ಮಕ್ಕ ಯಾವ ಕಂಪನಿಯೋಳಪ್ಪ?"

ತಮ್ಮ ಬಸ್ಸು ಬರುವ ದಾರಿಯತ್ತ ತಿರುಗಿದ.

"ಆಪರೇಷನ್ ಆಗಿ ಮಲಗಿದ್ದಾಗ್ಲೂ ಬಾಗಿಲ ಕಡೆನೇ ನೋಡ್ತಿದ್ಲು."

"ಈಗ ಬರ್ಲಾ?"

"ಕಂಪನಿಗಳು ಮತ್ತೆ ಮುನಿಸ್ಕೊಂಡ್ರೆ?"

"ಆಗ್ಲೂ ಬರ್ತೀನಿ."

"ಅದನ್ನ ಅವಳಿಗೆ ಹೇಳು. ಈಗೀಗ ನಿನ್ನ ಹೆಸರೇ ಎತ್ತಲ್ಲ ಅವಳು."

ಅವರ ಬಸ್ಸು ಬಂತು, ಇಬ್ಬರೂ ಹತ್ತಿದರು. ನನ್ನದು ಬೇರೆ ಬಸ್ಸು. ಅಕ್ಕ ಬಾಗಿಲು ತೆಗೆದಳೋ ಇಲ್ಲವೋ, ನನಗೆ ಗೊತ್ತಿಲ್ಲ.