ಹಿಂದುಗಡೆಯ ಬಾಗಿಲು

ಲೈಟು ಇರ್ಲಿ ಬುಡಿ, ಆರಿಸ್ಬ್ಯಾಡಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನಮ್ಮ ದೊಡ್ಡವ್ವನ ಮಗ ಅಭಿಲಾಷನಿಗೆ ಹೋದ ವರ್ಷ ಮಾಗಿಯಲ್ಲಿ ಆಗಿದ್ದು.

ಆವತ್ತು ಕೊನೇ ಬಸ್ಸು ಅವನನ್ನ ಹೊಣಕೆರೆಯಲ್ಲಿ ಇಳಿಸಿದಾಗ ರಾತ್ರಿ ಹನ್ನೊಂದೂ ಕಾಲು. ಅಲ್ಲಿಂದ ಊರಿಗೆ ಒಂದೂವರೆ ಕಿಲೋಮೀಟರ್ ನಡೀಬೇಕು. ದಾರೀಲಿ ಆಲದ ಮರ, ಅದರ ಬುಡದಲ್ಲಿ ಯಾರೂ ನೀರು ಸೇದದ ಬಾವಿ. ಹುಟ್ಟಿದಾಗಿಂದ ನೋಡಿದ ಬಾವಿ, ಹೆದರಿಕೆ ಯಾಕಾಗ್ಬೇಕು? ಹೆಗಲ ಮೇಲೆ ಮರಗೆಲಸದ ಸಾಮಾನಿನ ಚೀಲ, ಕೈಯಲ್ಲಿ ಮೊಬೈಲ್ ಟಾರ್ಚು. ಮರ ಹತ್ರ ಬಂತು ಅನ್ನೋವಾಗ ಕಿವಿಗೆ ಒಂದು ಸದ್ದು ಬಿತ್ತು.

ಸರ್ರ್... ಸರ್ರ್... ಟಕ್.

ನಿಂತ. ಗರಗಸ ಅಲ್ಲ, ಕೀಸುಳಿ ಅಲ್ಲ. ಹಲಗೆ ಮೇಲೆ ದಪ್ಪ ಪೆನ್ಸಿಲ್ಲಿನಲ್ಲಿ ಗೀಟು ಎಳೆಯೋ ಸದ್ದು. ದಿನಾ ಬೆಳಗಾದ್ರೆ ಅವನೇ ಮಾಡೋ ಸದ್ದು. ಆ ಕತ್ತಲಲ್ಲಿ ಗೀಟು ಎಳೆಯೋರು ಯಾರು?

ಬಾವಿ ಕಟ್ಟೆ ಮೇಲೆ ಒಬ್ಬ ಕೂತಿದ್ದ. ಬೆನ್ನು ಇವನ ಕಡೆ. ತೊಡೆ ಮೇಲೆ ಹಲಗೆ. ಮೊಣಕೈ ಮಾತ್ರ ಹಿಂದಕ್ಕೆ ಮುಂದಕ್ಕೆ ಆಡ್ತಿತ್ತು.

"ಯಾರ್ಲಾ ಅದು?" ಅಂದ ಅಭಿಲಾಷ.

ಸದ್ದು ನಿಂತಿತು. ತಲೆ ತಿರುಗಲಿಲ್ಲ. ಮಾತು ಮಾತ್ರ ಬಂತು. ಪಿಸುಮಾತು... ಕಿವಿ ಪಕ್ಕದಲ್ಲೇ ನಿಂತು ಆಡಿದಂಗೆ.

"ಹಿಂದ್ಗಡೆ ಏನ್ ಕುಯ್ದೆ?"

ಅಭಿಲಾಷ ಕುಯ್ದಿದ್ದ, ನಿಜ. ಆವತ್ತು ಮಧ್ಯಾಹ್ನವೇ.

ಏನು ಕುಯ್ದಿದ್ದ ಅಂತ ಹೇಳ್ಬುಡ್ತೀನಿ.

ಶ್ರೀರಂಗಪಟ್ಟಣದಲ್ಲಿ ರಂಗಸ್ವಾಮಿ ಅಂತ ಒಬ್ಬ ಚಿತ್ರಗಾರ ಇದ್ದ. ದೇವರ ಪಟ ಬರೆಯೋನಲ್ಲ. ಮುಖ ಮೂರು ತುಂಡು, ಮನೆ ಓರೆ, ಆಕಾಶ ಕಪ್ಪು... ಅಂಥ ಹೊಸ ನಮೂನೆ. ಅವನು ಸತ್ತು ಆರು ವರ್ಷವಾಗಿತ್ತು. ಮೂವತ್ತು ವರ್ಷದ ಕೆಳಗೆ ಒಂದು ಒಪೆರಾಗೆ, ಅಂದ್ರೆ ಮಾತೇ ಇಲ್ಲದೆ ಮೊದಲಿಂದ ಕೊನೇತನಕ ಹಾಡೇ ಇರೋ ನಾಟಕಕ್ಕೆ, ಸ್ಟೇಜು ಹೆಂಗಿರಬೇಕು ಅಂತ ಒಂಬತ್ತು ಹಾಳೆ ಚಿತ್ರ ಬರೆದಿಟ್ಟಿದ್ದ. ಆ ಹಾಳೆಗಳು ಅವನ ಅಕ್ಕ ಪುಟ್ಟಲಕ್ಷ್ಮಮ್ಮನ ಟ್ರಂಕಿನಲ್ಲಿದ್ದವು. ಮೈಸೂರಿನಿಂದ ಮೇಘನ ಅಂತ ಒಬ್ಬ ನಿರ್ದೇಶಕಿ ಬಂದು ಅದೇ ಒಪೆರಾ ಆಡಿಸ್ತೀನಿ ಅಂತ ಹೊರಟಾಗ, ಮರದ ಕೆಲಸಕ್ಕೆ ಅಭಿಲಾಷನನ್ನ ಹಿಡಿದಳು. ರಾಣಿ ಪಾತ್ರಕ್ಕೆ ಅವನ ತಂಗಿ ಯಶಸ್ವಿನಿಯನ್ನ ಆರಿಸಿದಳು. ಯಶಸ್ವಿನಿ ಪಾಂಡವಪುರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದ್ದವಳು, ಒಳ್ಳೇ ಕಂಠ.

ಪುಟ್ಟಲಕ್ಷ್ಮಮ್ಮ ಹಾಳೆ ಕೊಡೋವಾಗ ಅಭಿಲಾಷನೂ ಅಲ್ಲೇ ಇದ್ದ. ಮುದುಕಿ ಒಂದು ಸಲವೂ ನಗಲಿಲ್ಲ. "ಅವ್ನು ಬರ್ದಂಗೇ ಕಟ್ಟಬೇಕು. ಒಂದು ಗೀಟು ಆಚೀಚೆ ಆಗಂಗಿಲ್ಲ" ಅಂದಳು. "ಖಂಡಿತ ಅಮ್ಮ" ಅಂದಳು ಮೇಘನ.

ಒಂಬತ್ತನೇ ಹಾಳೆಯಲ್ಲಿ ಇದ್ದದ್ದು ಒಂದು ಕರೀ ಕೋಣೆ. ಗೆದ್ದ ರಾಜ ಸೋತ ರಾಣಿಯನ್ನ ನಿಲ್ಲಿಸಿ ಸುತ್ತ ಗೋಡೆ ಹಾಕಿಸಿಬಿಡ್ತಾನೆ. ನಾಲ್ಕು ಜನ ನಾಲ್ಕು ಗೋಡೆ ತಳ್ಳಿಕೊಂಡು ಬಂದು ಕೂಡಿಸಬೇಕು. ಮೇಲೂ ಮುಚ್ಚಳ. ಅವಳು ಒಳಗಿಂದಲೇ ಕೊನೇ ಹಾಡು ಹಾಡಬೇಕು. ಹಾಳೆಯ ಕೆಳಗೆ ಕೆಂಪು ಪೆನ್ಸಿಲ್ಲಿನಲ್ಲಿ ಒತ್ತಿ ಬರೆದಿತ್ತು: ಬಾಗಿಲು ಇಡಕೂಡದು.

ಯಶಸ್ವಿನಿಗೆ ಮುಚ್ಚಿದ ಜಾಗ ಅಂದ್ರೆ ಆಗದು. ಚಿಕ್ಕವಳಿದ್ದಾಗ ಲಿಫ್ಟಿನಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ಅತ್ತಿದ್ದಳು. ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಅಭ್ಯಾಸದಲ್ಲಿ ಗೋಡೆ ಹತ್ರ ಬಂದಂಗೆ ಅವಳ ದನಿ ನಡುಗೋದನ್ನ ಅಣ್ಣ ಕೇಳಿದ. ಜನಕ್ಕೆ ಕಾಣದಂಗೆ ಹಿಂದುಗಡೆ ಗೋಡೆಯಲ್ಲಿ ಎರಡೂವರೆ ಅಡಿ ಅಗಲದ ಬಾಗಿಲು ಕುಯ್ದು ಕೂಡಿಸಿದ. ಮೇಘನ ನೋಡಿ, "ಹಿಂದೆ ತಾನೇ, ಯಾರಿಗೆ ಕಾಣುತ್ತೆ?" ಅಂದಳು. ಮುದುಕಿಗೆ ಹೇಳಿ ಕಳಿಸಲಿಲ್ಲ.

ಈಗ ಬಾವಿ ಹತ್ರಕ್ಕೆ ಬನ್ನಿ.

"ಹಿಂದ್ಗಡೆ ಏನ್ ಕುಯ್ದೆ?"

"...ಬಾಗ್ಲು" ಅಂದ ಅಭಿಲಾಷ. ಸುಳ್ಳು ಹೇಳಬೇಕು ಅನ್ನೋದೂ ತೋಚಲಿಲ್ಲ.

"ಯಾರ್ಗೆ?"

"ನಮ್ ತಂಗಿಗೆ..."

"ಎಸ್ರು?"

ಇದನ್ನ ಹೇಳೋವಾಗ ಈಗಲೂ ಅವನು ತಲೆ ತಗ್ಗಿಸ್ತಾನೆ. ಹೇಳ್ಬಾರ್ದು ಅಂತ ಗೊತ್ತಿತ್ತಂತೆ. ಆದ್ರೂ ಬಾಯಿ ತಾನಾಗೇ ಆಡಿಬಿಡ್ತು. "ಯಶಸ್ವಿನಿ."

ಸರ್ರ್... ಸರ್ರ್... ಸರ್ರ್... ಟಕ್.

ಬರ್ಕೊಂಡಿತು.

ಟಾರ್ಚು ಎತ್ತಿ ನೇರ ಬಿಟ್ಟ. ಕಟ್ಟೆ ಖಾಲಿ. ತಿರುಗಿ ನೋಡದೆ ಓಡಿದ. ಚೀಲದಲ್ಲಿದ್ದ ಉಳಿಗಳು ಮನೆ ಬಾಗಿಲ ತನಕ ಖಣಲ್ ಖಣಲ್ ಅಂತಾನೇ ಬಂದವು.

ಮಾರನೇ ದಿನ ಶ್ರೀರಂಗಪಟ್ಟಣಕ್ಕೆ ಹೋದ್ರೆ ಆ ಹಿಂದುಗಡೆ ಬಾಗಿಲು ತೆಗೆಯಕ್ಕೆ ಬರ್ತಿಲ್ಲ. ಇಬ್ಬನಿಗೆ ಮರ ಉಬ್ಬಿರಬೇಕು ಅಂದುಕೊಂಡು ಅಂಚು ಕೀಸಿದ. ಸಂದಿಯಲ್ಲಿ ಬೆಳಕು ಹರಿಯೋವಷ್ಟು ಕೀಸಿದ. ಆದ್ರೂ ಬರಲಿಲ್ಲ. ಹಿಡಿ ಹಿಡಿದು ಎಳೆದ್ರೆ ಒಂದು ಇಂಚು ಬರೋದು... ಆಮೇಲೆ ವಾಪಸ್ ಹೋಗೋದು. ಒಳಗಿಂದ ಯಾರೋ ಹಿಡ್ಕೊಂಡು ಎಳೆದಂಗೆ. ಎದುರುಗಡೆ ಗೋಡೆ ಸರಿಸಿ ಒಳಗೆ ನೋಡಿದ. ಯಾರೂ ಇಲ್ಲ. ಮತ್ತೆ ಬಂದು ಎಳೆದ. ಮತ್ತೆ ಅದೇ.

"ಮೇಡಂ, ಈ ಸೀನು ಬ್ಯಾಡ" ಅಂದ.

ಮೇಘನ ಸಿಡುಕಿದಳು. "ಶುಕ್ರವಾರ ಶೋ ಇದೆ ಅಭಿಲಾಷ್. ನಿಮ್ಮ ಬಾಗಿಲು ಸರಿ ಇಲ್ಲ ಅಂದ್ರೆ ನಿಮ್ಮ ಕೆಲಸ ಸರಿ ಇಲ್ಲ ಅಂತ. ದೆವ್ವದ ಮಾತು ನನ್ನ ಹತ್ರ ಆಡ್ಬೇಡಿ."

ಸೀದಾ ಪುಟ್ಟಲಕ್ಷ್ಮಮ್ಮನ ಮನೆಗೆ ಹೋದ. ಮುದುಕಿ ಒಳಕ್ಕೆ ಕರೀಲಿಲ್ಲ, ಹೊಸ್ತಿಲಲ್ಲೇ ಅಡ್ಡ ನಿಂತಳು.

"ಬಾಗ್ಲು ಇಟ್ಟೆ" ಅಂದಳು. ಕೇಳಿದ್ದಲ್ಲ, ಗೊತ್ತಿದ್ದವಳಂಗೆ ಅಂದಳು.

"ತಪ್ಪಾಯ್ತು ಅವ್ವಾ. ಮುಚ್ಬುಡ್ತೀನಿ..."

"ಮೂವತ್ತು ವರ್ಷದ ಕೆಳ್ಗೆ ಇದನ್ನ ಆಡ್ಸಿದಾಗ್ಲೂ ಹಿಂಗೇ ಮಾಡಿದ್ರು. ಅವ್ನು ಸ್ಟೇಜ್ ಹತ್ತಿ ಬಾಗ್ಲಿಗೆ ತಾನೇ ಮೊಳೆ ಹೊಡ್ದ. ಜನ ಎಲ್ಲ ನೋಡ್ತಿದ್ದಂಗೆ."

"ಒಳ್ಗಡೆ ಯಾರಾದ್ರೂ ಇದ್ರಾ ಅವ್ವಾ?"

"ನಿನ್ನ ಹತ್ರ ಎಸ್ರು ಕೇಳಿದ್ನಾ?" ಅಂದಳು.

ಅಭಿಲಾಷ ಹೂಂ ಅಂತ ತಲೆ ಆಡಿಸಿದ.

"ಏಳ್ಬುಟ್ಯಾ?"

ಮತ್ತೆ ಆಡಿಸಿದ.

"ಹಾಳಾಗೋದೆ ಕಣ್ಲಾ. ಈಗ ಮುಚ್ಚಿದ್ರೂ ಅಷ್ಟೇ, ಬುಟ್ರೂ ಅಷ್ಟೇ. ನನ್ ಹೊಸ್ತಿಲಿಗೆ ಬರ್ಬ್ಯಾಡ" ಅಂದು ಧಡ್ ಅಂತ ಕದ ಹಾಕಿದಳು. ಒಳಗೆ ಅಗುಳಿ ಬಿದ್ದ ಸದ್ದೂ ಕೇಳ್ತು.

ಮನೆಗೆ ಬಂದು ತಂಗಿ ಕೈ ಹಿಡಿದ. "ಬ್ಯಾಡ ಕಣವ್ವ, ಈ ಪಾತ್ರ ಬುಟ್ಬುಡು." ಯಶಸ್ವಿನಿ ಎಲ್ಲ ಕೇಳಿದಳು. ಮುಖ ಬಿಳಿಚಿಕೊಂಡಿತು. ಆದ್ರೆ ಒಪ್ಪಲಿಲ್ಲ. "ಹನ್ನೊಂದು ವರ್ಷ ಕೋರಸ್ಸಿನಲ್ಲಿ ಹಿಂದ್ಗಡೆ ನಿಂತು ಹಾಡಿದೀನಿ ಅಣ್ಣ. ಇದೊಂದು ಸಿಕ್ಕೈತೆ. ನಾಲ್ಕೇ ನಿಮಿಷದ ಹಾಡು. ನೀನು ಬಾಗ್ಲ ಹತ್ರಾನೇ ನಿಂತಿರು. ನಿಂತಿರ್ತೀಯಾ?"

"ನಿಂತಿರ್ತೀನಿ" ಅಂದ.

ಶುಕ್ರವಾರ ಹೊಳೆ ದಂಡೆಯ ಬಯಲಲ್ಲಿ ನಾಲ್ಕುನೂರು ಜನ ಸೇರಿದ್ರು. ನಾನೂ ಇದ್ದೆ, ಮುಂದಿಂದ ಆರನೇ ಸಾಲು. ಅಭಿಲಾಷ ಸ್ಟೇಜಿನ ಹಿಂದೆ, ಆ ಬಾಗಿಲ ಹಿಡಿ ಮೇಲೆ ಒಂದು ಕೈ ಇಟ್ಟು, ಇನ್ನೊಂದರಲ್ಲಿ ಕೊಡಲಿ ಹಿಡಿದು ನಿಂತಿದ್ದ. ಆವತ್ತು ಬೆಳಗ್ಗೆಯಿಂದ ಬಾಗಿಲು ಸಲೀಸಾಗಿ ತೆಗೀತಿತ್ತು. ಹತ್ತು ಸಲ ತೆಗೆದು ಹಾಕಿ ನೋಡಿದ್ದ. ಅದೇ ಅವನಿಗೆ ಸರಿ ಕಾಣಲಿಲ್ಲ.

ಕೊನೇ ದೃಶ್ಯ. ನಾಲ್ಕು ಕರೀ ಗೋಡೆ ಗರಗರ ಅಂತ ಗಾಲಿ ಮೇಲೆ ಬಂದವು. ಕೂಡಿಕೊಂಡವು. ಮೇಲಿಂದ ಮುಚ್ಚಳ ಇಳಿಯಿತು. ಒಳಗಿಂದ ಯಶಸ್ವಿನಿಯ ದನಿ ಎದ್ದಿತು, ನೆಟ್ಟಗೆ, ಒಂಚೂರೂ ನಡುಗದೆ.

ಒಂದು ನಿಮಿಷ ಆಗಿರಬೇಕು. ದನಿ ದೂರ ಆಗಕ್ಕೆ ಶುರುವಾಯ್ತು. ತಗ್ಗಿದ್ದಲ್ಲ... ದೂರ ಹೋಗ್ತಿತ್ತು. ಊರಾಚೆ ನಿಂತು ಹಾಡಿದಂಗೆ, ಆಮೇಲೆ ಅದಕ್ಕೂ ಆಚೆ. ನನ್ನ ಪಕ್ಕದೋರು "ಮೈಕಿನಲ್ಲಿ ಎಂಥಾ ಎಫೆಕ್ಟು ನೋಡಿ" ಅಂದ್ರು. ಯಶಸ್ವಿನಿಗೆ ಮೈಕೇ ಹಾಕಿರ್ಲಿಲ್ಲ.

ಹಿಂದುಗಡೆ ಅಭಿಲಾಷನಿಗೆ ಕೇಳಿಸಿದ್ದು ಬೇರೆ.

ಸರ್ರ್... ಸರ್ರ್...

ಬಾಗಿಲ ಹಿಡಿ ಅವನ ಕೈಯಲ್ಲೇ ಇತ್ತು. ಆದ್ರೆ ಕೈಯಲ್ಲಿ ಮಾತ್ರ ಇತ್ತು. ಹಿಡಿಯ ಹಿಂದೆ ಬಾಗಿಲಿಲ್ಲ. ಕಾಲ ಹತ್ರ ಬಾಗಿಲಿನ ಮೂರೂ ಕೀಲು ಬಿದ್ದಿದ್ದವು. ಗೋಡೆ ಸವರಿದ... ಸಂದಿ ಇಲ್ಲ. ಅವನೇ ಕುಯ್ದ ಜಾಗ, ಕಣ್ಣು ಮುಚ್ಚಿ ಹೇಳಬಲ್ಲ ಜಾಗ. ನುಣ್ಣಗೆ, ಒಂದೇ ಹಲಗೆ. ಬೆರಳಿಗೆ ಕರೀ ಬಣ್ಣ ಹಸಿಯಾಗಿ ಅಂಟಿತು.

ಒಳಗೆ ಹಾಡು ನಿಂತಿತು.

ದಬ್... ದಬ್... ದಬ್.

"ಅಣ್ಣಾ... ಬಾಗ್ಲು ತೆಗಿಯಣ್ಣಾ..."

"ಯಶೀ! ಇಲ್ಲೇ ಇವ್ನಿ!"

ಕಿವಿ ಪಕ್ಕದಲ್ಲಿ ಉಸಿರು ತಾಗಿತು. ಇದ್ದಿಲ ವಾಸನೆ. "ಬಾಗ್ಲೇ ಇಲ್ವಲ್ಲ" ಅಂದಿತು ಆ ಪಿಸುಮಾತು. "ಏನ್ ತೆಗೀತೀಯ?"

ಅಭಿಲಾಷ ಕೊಡಲಿ ಎತ್ತಿದ. ಮೊದಲ ಏಟಿಗೆ ಗೋಡೆ ಕಲ್ಲಿನಂಗೆ ಠಣ್ ಅಂತು. ಅದು ಮುಕ್ಕಾಲು ಇಂಚಿನ ಪ್ಲೈವುಡ್ಡು, ಅವನೇ ತಂದದ್ದು. ಎರಡನೇ ಏಟು. ಮೂರು. ಯಾರೋ ಹಿಂದಿಂದ ಅವನ ಮೊಣಕೈ ಹಿಡಿದು ಜಗ್ತಿದ್ದಾರೆ. ಕೊಸರಿಕೊಂಡ. ಅವನ ಬಾಯಿಗೆ ಬರಬಾರದ್ದೆಲ್ಲ ಬಂತು, ಸತ್ತೋನ ಏಳು ತಲೆಮಾರನ್ನೂ ಬುಡಲಿಲ್ಲ. ಆರನೇ ಏಟಿಗೆ ಹಲಗೆ ಚಟ್ ಅಂತ ಸೀಳಿತು. ಮುಂದುಗಡೆ ಗೋಡೆ ತನಕ ಬಿರುಕು ಓಡಿ, ಇಡೀ ಕೋಣೆ ಬಾಯಿ ಬಿಟ್ಟುಕೊಂಡು ಬಿತ್ತು. ಯಶಸ್ವಿನಿ ಅಣ್ಣನ ಮೇಲೆ ಬಂದು ಬಿದ್ದಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನಾಟಕದ ಕೊನೆ ಇರೋದೇ ಹಂಗೆ ಅಂದುಕೊಂಡ್ರು. ಮೇಘನ ಮಾತ್ರ ಸ್ಟೇಜಿನ ಹಿಂದೆ ಬಂದು, "ನನ್ನ ಎರಡು ವರ್ಷದ ಕೆಲಸ ಹಾಳು ಮಾಡಿದ್ರಿ" ಅಂತ ಕಿರುಚಿದಳು. ಅಭಿಲಾಷನ ಬಲ ಮೊಣಕೈ ಸುತ್ತ ಐದು ಬೆರಳಿನ ಕರೀ ಗುರುತು ಮೂಡಿತ್ತು, ಅವನು ಅದನ್ನೇ ನೋಡ್ತಿದ್ದ. ಮಾರನೇ ಬೆಳಗ್ಗೆ ಪುಟ್ಟಲಕ್ಷ್ಮಮ್ಮ ಆಟೋದಲ್ಲಿ ಬಂದು ಒಂಬತ್ತು ಹಾಳೆಯನ್ನೂ ಎಣಿಸಿ ತಗೊಂಡು ಹೋದಳಂತೆ. ಯಾರ ಮುಖವನ್ನೂ ನೋಡಲಿಲ್ಲವಂತೆ.

ಶೋ ಆದ ರಾತ್ರಿಯೇ ನಾವೆಲ್ಲ ಒಂದೇ ಕಾರಿನಲ್ಲಿ ಊರಿಗೆ ಬಂದ್ವಿ. ಪಾಂಡವಪುರ ದಾಟಿದ ಮೇಲೆ ಯಶಸ್ವಿನಿ ಒಂದೇ ಒಂದು ಮಾತು ಕೇಳಿದಳು.

"ಅಣ್ಣ... ನಾನು ಎಷ್ಟೊತ್ತು ಒಳ್ಗಿದ್ದೆ?"

"ಮೂರು, ನಾಲ್ಕು ನಿಮಿಷ ಕಣವ್ವ."

ಅವಳು ಅಣ್ಣನ ಮುಖವನ್ನೇ ನೋಡಿದಳು. "ಸುಳ್ಳೇಳ್ಬ್ಯಾಡ" ಅಂದು ಕಿಟಕಿ ಕಡೆ ತಿರುಗಿದಳು.

ಮನೆಗೆ ಬಂದಾಗ ದೊಡ್ಡವ್ವ ನಾಗಲಕ್ಷ್ಮಮ್ಮ ಮಗಳ ಕೈಕಾಲು ತೊಳೆಸಕ್ಕೆ ಬಿಸಿನೀರು ತಂದಳು. ತಂದವಳು ಚೊಂಬು ಕೆಳಗಿಟ್ಟು, ಲೈಟಿನ ಕೆಳಗೆ ಅವಳ ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಕತ್ತರಿ ತಗಂಬಾ" ಅಂದಳು. ಆ ಸಂಜೆ ಯಶಸ್ವಿನಿಗೆ ಸ್ಟೇಜಿಗೆ ಬಳೆ ತೊಡಿಸಿದವಳು ನನ್ನ ಹೆಂಡತಿ. ಆವಾಗ ಯಶಸ್ವಿನಿ ಉಗುರು ಬುಡಕ್ಕೆ ಕತ್ತರಿಸಿಕೊಂಡಿದ್ದಳಂತೆ, ಹಾರ್ಮೋನಿಯಂ ನುಡಿಸೋ ಕೈ ಅಲ್ವಾ. ಈಗ ಹತ್ತು ಬೆರಳಲ್ಲೂ ಅರ್ಧ ಗೇಣು ಉಗುರು. ಬಾಗಿ ಸುರುಳಿ ಸುತ್ತಿಕೊಂಡಿದ್ದವು. ಕಾಲಿನದೂ ಹಂಗೇ.

ದೊಡ್ಡವ್ವ ಒಂದೊಂದೇ ಕತ್ತರಿಸಿದಳು. ಪೇಪರಿನ ಮೇಲೆ ಟಪ್ ಟಪ್ ಅಂತ ಬಿದ್ದವು. ಆ ಪೇಪರು ಮಡಚಿ ಹಿತ್ತಲ ಒಲೆಗೆ ಹಾಕಿದೋನು ನಾನೇ. ಈ ಕೈಯಲ್ಲೇ.