ಗಸ್ತಿಯವನ ಸೀಟಿ

೧೯೪೯. ಗದಗಿನ ದವಾಖಾನೆಯ ಕಟ್ಟೆಯ ಮೇಲೆ ಔಷಧಿಗಾಗಿ ಕುಳಿತಿದ್ದೆ. ಪಕ್ಕದಲ್ಲಿ ಮುಂಡರಗಿಯ ಒಬ್ಬ ಪೊಲೀಸ್ ಜಮಾದಾರ, ಅದೇ ಊರಿನ ಅಂಬವ್ವ ಎಂಬ ನೇಕಾರ ಹೆಂಗಸು. ಓಣಿಯ ಗಸ್ತಿಗೆ ನಿಂತಿದ್ದ ಅವಳ ಗಂಡ ಗೋಪಣ್ಣ ಕೈ ಮುರಿದುಕೊಂಡು ಒಳಗೆ ಮಲಗಿದ್ದ.

“ಪೊಲೀಸರಿಗೆ ಕೈಜೋಡಸ್ರಿ ಅಂದ್ರಿ, ನಮ್ಮವ್ರು ಗಸ್ತಿಗೆ ನಿಂತ್ರು. ಕಳ್ಳನ್ನೂ ಹಿಡದ್ರು. ಸೀಟಿ ಊದಿದ್ರ ಓಣಿ ಮಂದೆಲ್ಲಾ ಓಡಿ ಬರ್ತಾರ ಅಂದಿದ್ರಲ್ರಿ ಜಮಾದಾರ್ರ?”

“ಬರಬೇಕಿತ್ತು ತಂಗಿ. ಊರಿಗೆಲ್ಲಾ ನಾವು ಮೂರ ಮಂದಿ, ಎಷ್ಟ ಓಣಿಗೆ ಓಡೂಣು?”

“ಊದಿ ಊದಿ ಗಲ್ಲ ಬಾತಾವು. ಒಬ್ರೂ ಹೊರಗ ಬರಲಿಲ್ಲ. ಕಳ್ಳ ಇವ್ರ ಕೈ ಮುರದು ಓಡಿಹೋದ.”

“ಮನಿ ಮನಿಗೆ ಹೋಗಿ ಕೇಳೇನಿ. ಹ್ವಾದ ವರ್ಷ ರಜಾಕಾರರ ಗದ್ದಲದಾಗ ಸೀಟಿ ಕೇಳಿದ್ರ ಬಾಗಲಾ ಹಾಕ್ಕೊಳ್ರಿ ಅಂತ ನಾವ ಕಲಿಸಿದ್ವಿ. ಹಾಕ್ಕೊಂಡಾರ.”

“ಕಲಿಸಿದ್ದನ್ನ ಬಿಡಸೂದು ಯಾರ ಕೆಲಸರಿ?”

“ನಮ್ದ. ನಾಳೆ ಡಂಗುರ ಸಾರಸ್ತೀನಿ. ಖರೆ ಹೇಳು, ನಿನ್ನ ಬಾಗಲಾ ತಗದಿತ್ತೇನು?”

ಅಂಬವ್ವ ಸೆರಗು ಸರಿಪಡಿಸಿಕೊಂಡಳು.

“ಎಲ್ಲಾರಕಿಂತ ಮೊದಲ ಅಗಳಿ ಹಾಕಿದಾಕಿ ನಾನರಿ. ನಮ್ಮವ್ರ ಮುಂದ ಹೇಳಬ್ಯಾಡ್ರಿ.”

“ಇಲ್ಲ ಬಿಡು. ನಮ್ಮ ಮನಿಯಾಕೀನೂ ಹಾಕಿದ್ಲು.”

ಒಳಗಿನಿಂದ ಯಾರೋ ಕರೆದರು. ಇಬ್ಬರೂ ಎದ್ದು ಹೋದರು.