ಮಾಸ ಕಟ್ಟಿದ ಟೊಂಗಿ

ಉಂಡು ಬಂದೀರಿಲ್ಲೋ ಎಲ್ಲಾರೂ? ಉಂಡಿದ್ರ ಛಲೋ ಆತು. ಇದನ್ನ ಕೇಳಿದ ಮ್ಯಾಲೆ ಉಣ್ಣಾಕ ಆಗಂಗಿಲ್ಲ. ಹಾಲು, ಮಸರು ಅಂತೂ ನಾಕ ದಿನ ಬಾಯಿಗೆ ಹಚ್ಚಂಗಿಲ್ಲ ನೀವು. ನಾನು ಒಂದು ತಿಂಗಳು ಹಚ್ಚಿದ್ದಿಲ್ಲ.

ಇದು ಯಾರೋ ಯಾರಿಗೋ ಹೇಳಿದ ಸುದ್ದಿ ಅಲ್ಲರಿ. ನಮ್ಮ ಚಿಗವ್ವ ಫಕೀರವ್ವ ಅದಾಳಲ್ಲ, ಅಕಿ ಮಗ ದುರ್ಗೇಶಗ ಆಗಿದ್ದು. ಹ್ವಾದ ವರ್ಷ. ಮಳಿಗಾಲ ಇನ್ನೂ ಸುರು ಆಗಿದ್ದಿಲ್ಲ.

ದುರ್ಗೇಶ ಹುಬ್ಬಳ್ಳಿ ಗೋಕುಲ ರಸ್ತೆದಾಗ ಒಂದು ಫ್ಯಾಕ್ಟರಿಗೆ ಹೋಗ್ತಾನ. ಎರಡನೇ ಪಾಳಿ. ಪಾಳಿ ಬಿಟ್ಟು, ಬಸ್ಸು ಹಿಡದು, ನವನಗರದಾಗ ಇಳದು, ಹಿಂದಿನ ಹಳೇ ಓಣಿಗೆ ನಡಕೊಂತ ಹೋಗೂದ್ರಾಗ ಹನ್ನೊಂದೂವರಿ ಆಗತೈತಿ. ಹಾದ್ಯಾಗ ಒಂದು ಹಾಳಬಾವಿ. ಬಾವಿ ದಂಡಿಗೆ ಆಲದ ಗಿಡ.

ಆ ಗಿಡದ ಸುದ್ದಿ ಹೇಳಬೇಕು… ಎಮ್ಮಿ ಈದ ಮ್ಯಾಲೆ ಕರಾದ ಹಿಂದ ಮಾಸ ಬೀಳತೈತಲ್ಲ, ಅದನ್ನ ಆ ಓಣಿಯವರು ಮಣ್ಣಾಗ ಹುಗಿಯಂಗಿಲ್ಲ. ನಾಯಿ ಬಾಯಿಗೂ ಬಿಡಂಗಿಲ್ಲ. ಗೋಣಿಚೀಲದಾಗ ಹಾಕಿ, ಹಗ್ಗ ಬಿಗದು, ಆಲದ ಗಿಡಕ್ಕ ಕಟ್ಟತಾರ. ಗಿಡದಾಗ ಹಾಲು ಇದ್ದಂಗ ಎಮ್ಮಿ ಕೆಚ್ಚಲದಾಗೂ ಹಾಲು ಇರ್ಲಿ ಅಂತ. ಮೂವತ್ತೋ ನಲವತ್ತೋ ಗಂಟು ಜೋತಾಡ್ತಿದ್ವು. ಹಳೇವು ಒಣಗಿ ಕರ್ರಗ ಆಗಿದ್ವು. ಹೊಸಾವು ಹಸೀ, ತೊಟ ತೊಟ ಸೋರ್ತಿದ್ವು. ಬ್ಯಾಸಗ್ಯಾಗ ಅಲ್ಲಿ ಹಾಯ್ದ್ರ ಗೋಣಿ ತೂತಿನಿಂದ ಹುಳ ಒಂದೊಂದಾಗಿ ಕೆಳಗ ಬೀಳ್ತಿದ್ವು. ಟಪ್… ಟಪ್… ಥೂ!

ಅವತ್ತ ಸಂಜಿಮುಂದ ಗಾಳಿ ಹೊಡದಿತ್ತು. ದುರ್ಗೇಶ ರಾತ್ರಿ ಬಂದು ನೋಡ್ತಾನ, ಒಂದು ದೊಡ್ಡ ಟೊಂಗಿ ಮುರದು ಹಾದಿಗೆ ಅಡ್ಡ ಬಿದ್ದೈತಿ. ಟೊಂಗಿ ಅಂದ್ರ ಸಣ್ಣದಲ್ಲ, ಬುಡದಾಗ ಇಪ್ಪತ್ತು ಇಂಚು ದಪ್ಪ. ಮಾಸದ ಗಂಟು ಎಲ್ಲಾ ಕಟ್ಟಿದ್ದು ಅದಕ್ಕನ. ಬಿದ್ದ ಹೊಡತಕ್ಕ ಅವು ಬಾವಿ ಕಡೆ ಮಗ್ಗಲಿಗೆ ಒಡದು, ಹರವಿಕೊಂಡು ಬಿದ್ದಿದ್ವು. ಇಂವ ಏನ್ ಮಾಡಬೇಕು? ಬಾಯಿ ಮೂಗು ಮುಚಗೊಂಡು ಓಡಿ ಹೋಗಬೇಕು. ಇಲ್ಲ… ಮೊಬೈಲ್ ಬೆಳಕು ಬಿಟಗೊಂಡು, ಕಟಗಿ ಎಷ್ಟಾಗತೈತಿ ಅಂತ ಗೇಣು ಹಾಕಿ ಅಳದಾನ! ರಜಾ ದಿನ ಕಟಗಿ ಕೊಯ್ದು ಲಗ್ನದ ಅಡಗಿಯವರಿಗೆ ಹಾಕೂದು ಅಂವನ ಇನ್ನೊಂದು ಉದ್ಯೋಗ. ಬ್ಯಾರೆ ಯಾರರ ಒಯ್ಯೂದ್ರಾಗ ತಾನು ಒಯ್ಯಬೇಕು. ಅಷ್ಟ ತಲ್ಯಾಗ.

ಮನಿಗೆ ಹೋದ್ರ ಚಿಗವ್ವ ಎಮ್ಮಿ ಮಗ್ಗಲಕ್ಕ ಚಾಪಿ ಹಾಸಕೊಂಡು ಎಚ್ಚರ ಇದ್ಲು. ಎಮ್ಮಿ ತುಂಬಿದ ಗಬ್ಬ. ಇವತ್ತೋ ನಾಳೆಯೋ ಅನ್ನೂ ಹಂಗಿತ್ತು. ಹಿಂದಿನ ಎರಡೂ ಸೂಲು ಕರಾ ಸತ್ತ ಹುಟ್ಟಿದ್ವು. ಈ ಸಲ ಒಂದು ಉಳೀಲಿ ಅಂತ ಅಕಿ ಹದಿನೈದು ದಿನದಿಂದ ಅಲ್ಲೇ ಮಲಗತಿದ್ಲು. ಸ್ವಂತ ಮಗಳ ಬಾಣಂತನದಾಗ ಅಷ್ಟು ಮಾಡಿದ್ದಿಲ್ಲ.

"ಅವ್ವಾ, ಆಲದ ಟೊಂಗಿ ಬಿದ್ದೈತಿ."

"ಗೊತ್ತೈತಿ. ಮೆಲ್ಲಕ ಮಾತಾಡು, ಈಗ ಮಲಗೇತಿ ಅದು."

"ಕಟಗಿ ಛಲೋ ಅದಾವು…"

"ಮುಟಬ್ಯಾಡ." ಎಮ್ಮಿ ಹೊಟ್ಟಿ ಮ್ಯಾಲೆ ಕೈ ಇಟ್ಟಗೊಂಡ ಅಂದ್ಲಂತ. "ಹಿಂದಿನ ಎರಡೂ ಮಾಸ ಅದರಾಗ ಅದಾವು. ಇದು ಈಯೂ ತನಕ ಆ ಟೊಂಗಿ ತಂಟೇಕ ಹೋಗಬ್ಯಾಡ. ನನ್ನ ಕರಾ ಒಂದು ಭೂಮಿಗೆ ಬರ್ಲಿ."

"ಹೂಂ" ಅಂದ. ಮರುದಿನ ಬೆಳಿಗ್ಗೆ ನೆಟ್ಟಗ ನನ್ನ ಅಂಗಡಿಗೆ ಬಂದ.

ಗರಗಸದ ಮಶೀನ್ ಮಾರೂದು, ರಿಪೇರಿ ಮಾಡೂದು ನನ್ನ ಉದ್ಯೋಗ. ಅಂವನ ಮಶೀನೂ ನಾನ ಆರಿಸಿ ಕೊಟ್ಟಿದ್ದೆ. ನಲವತ್ತೈದು ಸಿಸಿ ಇಂಜಿನ್, ಹದಿನೆಂಟು ಇಂಚಿನ ಬಾರು, ಅಂದ್ರ ಚೈನು ಸುತ್ತೂ ಉದ್ದನ್ನ ಪಟ್ಟಿ, ಎಪ್ಪತ್ತೆರಡು ಕೊಂಡಿಯ ಚೈನು, ಕೊಂಡಿಗೆ ನಾವು ಕಡಿ ಅಂತೇವಿ. ಉರವಲ ಕಟಗಿ ಕೊಯ್ಯಾಕ ಅದಕ್ಕಿಂತ ಛಲೋ ಜೋಡಿ ಇಲ್ಲ.

"ಅಣ್ಣಾ, ಇದಕ್ಕ ಇಪ್ಪತ್ತೆರಡರ ಬಾರ್ ಹಾಕಿ ಕೊಡು" ಅಂದ.

"ಯಾಕಲೇ?"

"ಟೊಂಗಿ ಇಪ್ಪತ್ತು ಇಂಚ ಐತಿ. ಹದಿನೆಂಟು ಸಾಲಂಗಿಲ್ಲ."

ನನಗ ಸಿಟ್ಟು ನೆತ್ತಿಗೇರ್ತು. ಹುಬ್ಬಳ್ಳ್ಯಾಗ ಅರ್ಧ ಮಂದಿ ಮಾಡೂ ತಪ್ಪು ಇದ. "ಕಟಗಿ ದಪ್ಪ ನೋಡಿ ಬಾರ್ ಹಾಕಂಗಿಲ್ಲೋ, ಇಂಜಿನ್ ನೋಡಿ ಹಾಕ್ತಾರ! ಇಪ್ಪತ್ತೆರಡು ಅಂದ್ರ ಎಂಬತ್ತಾರು ಕಡಿ. ಅದನ್ನ ಎಳಿಯಾಕ ಐವತ್ತೆಂಟು ಸಿಸಿ ಬೇಕು. ನಿನ್ನ ಇಂಜಿನ್ ದಮ್ಮು ಕಟ್ಟಿ ನಿಲ್ಲತೈತಿ. ಚೈನಿಗೆ ಬೀಳೂ ಎಣ್ಣಿ ತುದಿ ಮಟಾ ಮುಟ್ಟಂಗಿಲ್ಲ. ಹೊಗಿ ಬರತೈತಿ, ಬಾರು ಸುಡತೈತಿ. ಹದಿನೆಂಟರಾಗ ಈಚಿಂದ ಅರ್ಧ ಕೊಯ್ಯಿ, ಆಚಿ ಕಡೆ ಹೋಗಿ ಉಳಿದ ಅರ್ಧ ಕೊಯ್ಯಿ. ಮುಗೀತು."

"ಆಚಿ ಕಡೆ ನಾ ಹೋಗಂಗಿಲ್ಲ."

"ಯಾಕ, ಕಾಲಿಲ್ಲೇನು?"

ಮಾರಿ ಕಿವಚಿದ. "ಅಲ್ಲಿ ಮಾಸ ಒಡದು ಬಿದ್ದಾವಣ್ಣ. ಹುಳ… ಹೇಸಿಗಿ ಬರತೈತಿ. ಈಚಿ ಕಡೆ ನಿಂತ ಒಮ್ಮೆಲೆ ಆರಪಾರ ಕೊಯ್ದ ಬಿಡ್ತೇನಿ."

ನೋಡ್ರಿ ಇಂವನ ಶಾಣ್ಯಾತನ! ಕಟಗಿ ಬೇಕು, ಹೇಸಿಗಿ ಬ್ಯಾಡ. ಬರೂ ಮುಂದ ಎಲ್ಲಿಂದೋ ಒಂದು ಇಪ್ಪತ್ತೆರಡರ ಬಾರು, ಒಂದು ಚೈನು ಹಿಡಕೊಂಡ ಬಂದಿದ್ದ. ಆ ಚೈನಿನ ಕಡಿ ಅಂತರ ದೊಡ್ಡದು, ಮಶೀನಿನ ಹಲ್ಲಿನ ಗಾಲಿಗೆ ಕೂಡತಿದ್ದಿಲ್ಲ. ಕುಂದ್ರಿಸಿದ್ರ ಕಟ್ ಕಟ್ ಅಂತ ಜಿಗೀತಿತ್ತು. "ಇದನ್ನ ಹಾಕ್ಕೊಂಡ್ರ ಹರದು ನಿನ್ನ ಮಾರಿಗೇ ಬರತೈತಿ" ಅಂದು ಮೂಲ್ಯಾಗ ಒಗದೆ.

ಅಷ್ಟಕ್ಕ ಬಿಟ್ಟಿದ್ರ ಆಗ್ತಿತ್ತು… ಬಿಡಲಿಲ್ಲ. ಗಿರಾಕಿ ಭಾಳ ಇದ್ರು. ಇಂವ ಎದುರಿಗೆ ನಿಂತು ಅಣ್ಣಾ ಅಣ್ಣಾ ಅಂತ ಜೀವ ತಿನ್ನಾಕತ್ತಿದ್ದ. ಒಮ್ಮೆ ತೊಲಗಿದ್ರ ಸಾಕು ಅಂತ ನನ್ನ ಕಪಾಟಿನ್ಯಾಗಿಂದ ಎಂಬತ್ತಾರು ಕಡಿಯ ಚೈನು ತಗದು, ಆ ಬಾರಿಗೆ ಏರಿಸಿ, ಬಿಗದು, ಕೈಯಾಗ ಕೊಟ್ಟೆ. ಹೌದು, ನಾನ. ಇಪ್ಪತ್ತು ವರ್ಷದಿಂದ ಈ ಉದ್ಯೋಗ ಮಾಡಾಕತ್ತೇನಿ, ಗೊತ್ತಿದ್ದೂ ಕೊಟ್ಟೆ. ಅವತ್ತಿಂದು ನೆನಪಾದ್ರ ನನಗ ನನ್ನ ಮ್ಯಾಲೇ ಅಸಹ್ಯ ಬರತೈತಿ.

ಹೋಗೂ ಮುಂದ ಒಂದು ಮಾತು ಹೇಳಿದೆ. "ಕಟಗಿ ಇಪ್ಪತ್ತು, ಬಾರು ಇಪ್ಪತ್ತೆರಡು. ತುದಿ ಆಚಿ ಕಡೆ ಹೊರಗ ಬರತೈತಿ. ಅಲ್ಲಿ ಏನೈತಿ ನಿನಗ ಕಾಣಂಗಿಲ್ಲ. ಸುರು ಮಾಡೂಕಿಂತ ಮೊದಲ ಆಚಿ ಕಡೆ ಹೋಗಿ ನೋಡು."

"ಹೂಂ ಹೂಂ" ಅಂದ. ಅವ್ವಗೂ ಹಂಗ ಅಂದಿದ್ದ.

ಅವತ್ತ ಅಂವಗ ರಜಾ. ಹಗಲಿ ಕೊಯ್ದ್ರ ಅವ್ವಗ ತಿಳೀತೈತಿ ಅಂತ ರಾತ್ರಿ ಮಟಾ ಕಾದ. ಅಕಿ ಉಂಡು ಎಮ್ಮಿ ಹಂತೇಕ ಹೋದ ಮ್ಯಾಲೆ ಮಶೀನ್ ಹೆಗಲಿಗೆ ಹಾಕ್ಕೊಂಡು ಬಾವಿ ಕಡೆ ಹೋದ. ಮುಂದಿಂದು ಅಂವ ನನ್ನ ಕೈ ಹಿಡದು, ಅಳಕೊಂತ ಹೇಳಿದ್ದು. ಒಂದು ಮಾತೂ ಕೂಡಿಸಿಲ್ಲ ನಾನು.

ಹಾದ್ಯಾಗ ಒಂದು ನರಪಿಳ್ಳೆ ಇಲ್ಲ. ಮೂಗಿಗೆ ಟವೆಲ್ ಕಟಗೊಂಡು, ಮೊಬೈಲ್ ಬೆಳಕು ಟೊಂಗಿ ಮ್ಯಾಲೆ ಬೀಳೂ ಹಂಗ ಕಲ್ಲಿಗೆ ಆನಿಸಿ ಇಟ್ಟ. ಟವೆಲ್ ದಾಟಿ ನಾತ ಬರಾಕತ್ತಿತ್ತು. ಮಶೀನ್ ಚಾಲೂ ಮಾಡೂ ಹಗ್ಗಕ್ಕ ಕೈ ಹಾಕಿದ… ಆವಾಗ ಆಚಿ ಕಡೆಯಿಂದ ಸಪ್ಪಳ ಬಂತು.

ಲಪ್… ಲಪ್… ಲಪ್…

ನೆಕ್ಕೂ ಸಪ್ಪಳ. ಎಮ್ಮಿ ಕರಾ ನೆಕ್ಕತೈತಲ್ಲ, ಒರಟು ನಾಲಿಗಿ ಹಸಿ ಕೂದಲ ಮ್ಯಾಲೆ ಆಡೂದು… ಅದ. ನಾಯಿ ಇರಬೇಕು ಅಂತ ಇಂವ "ಹಚಾ!" ಅಂದ.

ಸಪ್ಪಳ ನಿಂತತು. ಆಮ್ಯಾಲೆ ಒಬ್ಬಾಕಿ ಹೆಣ್ಣಮಗಳು, ಭಾಳ ಸಣ್ಣ ದನಿಯಾಗ…

"ನಿಧಾನ ಯಪ್ಪಾ… ಇಲ್ಲಿ ಕರಾ ಐತಿ."

"ಯಾರ್ರೀ ಅದು?"

ಮತ್ತ ನೆಕ್ಕೂ ಸಪ್ಪಳ ಸುರು ಆತು.

"ಕರಾ ಹಿಡಕೊಂಡು ಅತ್ಲಾಗ ಸರೀರಿ. ಮಶೀನ್ ಚಾಲೂ ಮಾಡೂದೈತಿ."

"ಅದಿನ್ನೂ ಎದ್ದ ನಿಂತಿಲ್ಲ…"

ಟೊಂಗಿ ದಾಟಿ ನೋಡಬೇಕು ಅಂತ ಒಂದು ಹೆಜ್ಜಿ ಹಾಕಿದ್ನಂತ. ಕಾಲು ಪಿಚಕ್ ಅಂತ ಯಾವುದರಾಗೋ ಹೋತು. ಬೆರಳ ಸಂದಿಗೆ ತಣ್ಣಗ ಲೋಳಿ ಏರ್ತು. ಅದರಾಗ ಏನೋ ಮಿಸುಕ್ಯಾಡಾಕತ್ತಿತ್ತು. ವ್ಯಾ… ಅಂತ ಓಕರಿಸಿ ಹಿಂದಕ್ಕ ಬಂದ. ಕಾಲು ಮಣ್ಣಿಗೆ ತಿಕ್ಕಿದ. ಯಾಕಿಯಾರ ಇರ್ಲಿ, ಸಪ್ಪಳ ಕೇಳಿದ್ರ ತಾನ ಸರೀತಾಳ ಅಂತ ಹಗ್ಗ ಎಳದ. ಎರಡು ಹೆಜ್ಜಿ ಅಷ್ಟರಿ! ಕಾಲು ತೊಳಕೊಂಡಿದ್ರ ಹೋಗ್ತಿತ್ತು. ಹೇಸಿಗಿ ಬಂತಂತ ಇಂವಗ!

ಝರ್ರ್… ಝರ್ರ್… ಘರ್ರ್ರ್ರ್.

ಹಲ್ಲು ಕಟಗ್ಯಾಗ ಇಳೀತು. ಆಲದ ಹಾಲು ಚೈನಿಗೆ ಅಂಟಿ ಅಂಟಿ, ನಡುವಿಗೆ ಬರೂದ್ರಾಗ ಇಂಜಿನ್ ದಮ್ಮು ಕಟ್ಟಿತು. ನಾ ಹೇಳಿದ್ದ ಆತು, ಬಾರಿನಿಂದ ಹೊಗಿ. ಇಂವ ಬಿಡಲಿಲ್ಲ, ಮೈ ಭಾರ ಹಾಕಿ ಒತ್ತಿದ. ಘರ್ರ್… ಗುರ್ರ್… ಗುರ್… ಆಮ್ಯಾಲೆ ಒಮ್ಮೆಲೆ ಹಗರ ಆತು. ತುದಿ ಆಚಿ ಕಡೆ ಹೊರಗ ಹೋತು. ಕಟಗಿ ಕೊಯ್ಯೂ ಸಪ್ಪಳ ಹೋಗಿ ಬ್ಯಾರೆ ಸಪ್ಪಳ ಬಂತು. ಪಚ ಪಚ ಪಚ… ಮೆತ್ತಂದು. ಅದರ ನಡುವ ಒಂದು ಸಲ ಗಟ್ಟಿದು ತಾಕಿ ಕಟಕ್ ಅಂತು.

ಮಶೀನ್ ಬಂದ್ ಬಿತ್ತು.

ಬಾರು ಹಿಂದಕ್ಕ ಎಳದು ಬೆಳಕಿಗೆ ಹಿಡದು ನೋಡಿದ. ಚೈನಿನ ತುಂಬ ಲೋಳಿ. ಹಲ್ಲಿನ ಸಂದ್ಯಾಗ ಸಣ್ಣ ಸಣ್ಣ ಕರೀ ಕೂದಲ. ಮಾಸಕ್ಕ ಕೂದಲ ಎಲ್ಲಿಂದ ಬರ್ತಾವರಿ? ಬೆರಳಿಂದ ಮುಟ್ಟಿ ನೋಡಿದ್ನಂತ. ಬಾರು ಸುಟ್ಟಿತ್ತು, ಅದು ಬ್ಯಾರೆ… ಆ ಲೋಳಿ ಮೈ ಬಿಸಿಯಷ್ಟ ಬೆಚ್ಚಗಿತ್ತಂತ.

ಆಚಿ ಕಡೆಯಿಂದ ಏನೂ ಇಲ್ಲ. ನೆಕ್ಕೂ ಸಪ್ಪಳನೂ ಇಲ್ಲ. "ಅವ್ವಾ…" ಅಂದು ಆ ಹೆಣ್ಣಮಗಳನ್ನ ಕರದ. ಮಶೀನ್ ಅಲ್ಲೇ ಒಗದು ಮನಿಗೆ ಓಡಿದ.

ನನಗ ಫೋನ್ ಬಂದಾಗ ಹತ್ತೂವರಿ. "ಅಣ್ಣಾ, ಲಗೂ ಬಾ. ಎಮ್ಮಿ ಈಯಾಕತ್ತೈತಿ. ಏನೋ ಆಗೇತಿ" ಅಂದು ಇಟ್ಟ ಬಿಟ್ಟ. ದನದ ಡಾಕ್ಟರಗ ಫೋನ್ ಹಚ್ಚಿದ್ರ ಅವ್ರು ಬ್ಯಾರೆ ಊರಾಗಿದ್ರು, ಬೆಳಿಗ್ಗೆ ಬರ್ತೇನಿ ಅಂದ್ರು. ಗಾಡಿ ತಗೊಂಡು ನಾನು ಹೋಗೂದ್ರಾಗ ದುರ್ಗೇಶ ದನದ ಮನಿ ಹೊರಗ ಕುಂತಿದ್ದ. ಒಂದ ಕಾಲು ಕಲ್ಲಿಗೆ ತಿಕ್ಕತಿದ್ದ, ತಿಕ್ಕತಿದ್ದ… ತೊಗಲು ಕಿತ್ತು ಕೆಂಪಾಗಿತ್ತು.

ಒಳಗ ಬಲ್ಬ್ ಹತ್ತಿತ್ತು. ಎಮ್ಮಿ ಹೂಂಕ್… ಹೂಂಕ್… ಅಂತ ಮುಕ್ಕರೀತಿತ್ತು. ಚಿಗವ್ವ ನನ್ನ ನೋಡಿ, "ಬಂದ್ಯಾ ತಮ್ಮಾ? ಹಿಡಿ ಇಲ್ಲೆ. ಬರಾಕತ್ತೈತಿ" ಅಂದ್ಲು. ಅಕಿ ಮಾರಿ ಮ್ಯಾಲೆ ನಗು ಇತ್ತು. ದುರ್ಗೇಶ ಅಕಿಗೆ ಏನೂ ಹೇಳಿದ್ದಿಲ್ಲ.

ಚೀಲದ ಸಮೇತ ಬಂತು. ಕರಾದ ಸುತ್ತ ನೀರಿನ ಚೀಲ ಇರತೈತಲ್ಲ, ಬಿಳೀದು, ಒಳಗಿಂದು ಮಸಕ ಮಸಕ ಕಾಣೂವಂಥದ್ದು. ಹಂಗ ಇಡೀ ಚೀಲ ಎಲ್ಲೂ ಒಡೀಲಾರದ ನನ್ನ ಎರಡೂ ಕೈ ಮ್ಯಾಲೆ ಬಂತು. ಬೆಚ್ಚಗ. ನಾತ ಇದ್ದಿಲ್ಲ. "ಚೀಲ ಒಡದಿಲ್ಲ, ಛಲೋ ಆತು, ನನ್ನ ಕೂಸು ಛಲೋ ಐತಿ" ಅಂದ್ಲು ಚಿಗವ್ವ. ನನ್ನ ಕಣ್ಣ ಮುಂದ ಉಗುರಿಂದ ಚೀಲ ಹರದ್ಲು. ನೀರು ಸುರೀತು. ಕರಾದ ಮೂಗಿಗೆ ಬಾಯಿ ಹಚ್ಚಿ ಲೋಳಿ ಎಳದು ಉಗುಳಿದ್ಲು. ಒಮ್ಮೆ. ಎರಡು ಸಲ. ಮೂರು ಸಲ.

ಅಲಗ್ಯಾಡಲಿಲ್ಲ.

ಮಗ್ಗಲ ಹೊಳ್ಳಿಸಿದ್ವಿ. ಪಕ್ಕಿ ಮ್ಯಾಲೆ ಒಂದು ಸೀಳು. ಹರದದ್ದಲ್ಲ, ನೆಟ್ಟಗ ಗೆರಿ ಹೊಡದಂಗ ಕೊಯ್ದದ್ದು. ಒಂದು ಎಲುಬು ಎರಡು ತುಂಡು ಆಗಿತ್ತು. ಅಕಿ ಸೆರಗಿನಿಂದ ಒರಸಾಕತ್ತಿದ್ಲು. ಸೀಳಿನ್ಯಾಗ ಏನೋ ತುಂಬಿತ್ತು. "ಏನಿದು, ನೋಡು ತಮ್ಮಾ" ಅಂದ್ಲು. ನಾನು ಬೆರಳು ಹಾಕಿ ತಗದು ಬಲ್ಬಿನ ಕೆಳಗ ಹಿಡದೆ.

ಕಟಗಿ ಪುಡಿ.

ಆಲದ ಕಟಗಿದು. ಹಸೀದು. ಹಾಲು ಅಂಟಿತ್ತು, ಸುಟ್ಟ ಎಣ್ಣಿ ವಾಸನಿ ಇತ್ತು. ದಿನಾ ನೂರು ಸಲ ಮೂಸ್ತೇನಿ ಆ ವಾಸನಿ, ನನಗ ತಪ್ಪಂಗಿಲ್ಲ. ಒಂದು ಚಿಟಿಕಿ ಅಲ್ಲರಿ, ಬೊಗಸಿ ತುಂಬ ಬಂತು. ಚಿಗವ್ವ ಬೊಗಸಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಬಾಗಿಲದಾಗ ನಿಂತ ಮಗನ್ನ ನೋಡಿದ್ಲು. ಕರಾ ತೊಡಿ ಮ್ಯಾಲೆ ಹಾಕ್ಕೊಂಡು ಕುಂತ್ಲು.

ನಗ್ತೀರೇನು? ನಗ್ರಿ. ಮಶೀನಿನ ಪುಡಿ ಅಂವನ ಅಂಗಿಯಿಂದ ಉದರಿರಬೇಕು ಅಂತೀರಿ, ಗೊತ್ತೈತಿ ನನಗ. ಅಂವ ಒಳಗ ಕಾಲ ಇಟ್ಟಿದ್ದಿಲ್ಲ. ಕರಾ ಚೀಲದಾಗ ಇತ್ತು. ಇಡೀ ಚೀಲ, ಈ ಕೈ ಮ್ಯಾಲೆ ಬಂದದ್ದು. ಒಡದಿದ್ದಿಲ್ಲ… ಎಲ್ಲೂ ಒಡದಿದ್ದಿಲ್ಲರಿ.